ಕೋಲಾರದ ಗಣಿಯಲ್ಲಿ ಎಣಿಸಿದ ಸೊನ್ನೆ

ನೀವು ಕಾಲೇಜಿನಲ್ಲಿ ವಿಜ್ಞಾನ ಕಲಿಸುವವರಾದರೆ ಪ್ರಾಜೆಕ್ಟ್ ವರದಿಗಳ ಕಾಲ ಎಂದರೆ ಏನೆಂದು ಗೊತ್ತು. ಸ್ಪೈರಲ್ ಬೈಂಡಿಂಗ್ ಹಾಕಿಸಿದ ವರದಿಗಳು ಮೇಜಿನ ಮೇಲೆ ರಾಶಿ ಬೀಳುತ್ತವೆ. ಕೃತಜ್ಞತೆಯ ಪುಟ, ಪೀಠಿಕೆ, ಸಿದ್ಧಾಂತ, ಕೋಷ್ಟಕ, ಗ್ರಾಫ್, ತೀರ್ಮಾನ. ನೀವು ವಿದ್ಯಾರ್ಥಿಯಾದರೆ ಆ ರಾಶಿಯಲ್ಲಿ ನಿಮ್ಮದೂ ಒಂದು ಇರುತ್ತದೆ. ಇಷ್ಟು ವರ್ಷಗಳಲ್ಲಿ ನೂರಾರು ವರದಿಗಳನ್ನು ತಿರುವಿಹಾಕಿದ್ದೇನೆ. ಅವುಗಳಲ್ಲಿ ಒಂದರ ಬಗ್ಗೆ ಮೊದಲು ಹೇಳಬೇಕು.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿಗೆ ಎಂ.ಎಸ್‌ಸಿ. ಮೌಖಿಕ ಪರೀಕ್ಷೆಗೆ ಹೋಗಿದ್ದೆ. ಒಬ್ಬ ಹುಡುಗ ತಾನೇ ಜೋಡಿಸಿದ ಉಪಕರಣದಿಂದ ವಿಶ್ವಕಿರಣಗಳನ್ನು ಎಣಿಸಿದ್ದ. ಕಾಲೇಜು ಕಟ್ಟಡದ ತಾರಸಿ, ಮೊದಲ ಮಹಡಿ, ನೆಲಮಾಳಿಗೆ, ಹೀಗೆ ಮೂರು ಕಡೆ ಹತ್ತು ಹತ್ತು ನಿಮಿಷ ಎಣಿಕೆ. ಕಾಂಕ್ರೀಟು ಹೆಚ್ಚಿದಂತೆ ಎಣಿಕೆ ಕಡಿಮೆಯಾಗಬೇಕು ಎಂಬುದು ನಿರೀಕ್ಷೆ. ವರದಿಯ ಗ್ರಾಫಿನಲ್ಲಿ ಹಾಗೆಯೇ ಇತ್ತು, 430, 400, 365. ಅಳತೆಪಟ್ಟಿ ಇಟ್ಟು ಎಳೆದಂಥ ಗೆರೆ. ಅಷ್ಟು ನೇರವಾದ ಗೆರೆ ಕಂಡರೆ ನನಗೆ ಅನುಮಾನ. ಮೂಲ ಟಿಪ್ಪಣಿ ಪುಸ್ತಕ ತೋರಿಸಪ್ಪ ಎಂದೆ. ಅದರಲ್ಲಿ ಪೆನ್ಸಿಲಿನಲ್ಲಿ ಬರೆದದ್ದು 412, 398, 405. "ಸರ್, ಏನೂ ಬರಲಿಲ್ಲ. ಏನಾದರೂ ತೋರಿಸಲೇಬೇಕಲ್ಲ ಸರ್" ಎಂದು ತಲೆ ತಗ್ಗಿಸಿದ.

ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. 'ಏನೂ ಬರಲಿಲ್ಲ' ಎಂಬ ಫಲಿತಾಂಶಕ್ಕೆ ಅಂಕವಿಲ್ಲ ಎಂದು ಅವನಿಗೆ ಕಲಿಸಿದವರು ನಾವೇ, ಅಂದರೆ ಮೇಷ್ಟ್ರುಗಳು. ಅಂದು ಅವನಿಗೆ ಒಂದು ಪ್ರಯೋಗದ ಕಥೆಯನ್ನು ಚುಟುಕಾಗಿ ಹೇಳಿದ್ದೆ. ವಿಶ್ವಕಿರಣ ಎಣಿಸುವ ಅದೇ ಕೆಲಸ, ಕಟ್ಟಡದ ಬದಲು ಕೋಲಾರದ ಚಿನ್ನದ ಗಣಿ. ಅದರ ತಿರುವಿನ ಘಟ್ಟದಲ್ಲಿ ಬಂದ ಉತ್ತರವೂ 'ಏನೂ ಇಲ್ಲ' ಎಂಬುದೇ. ನಿಮಗಾಗಿ ಆ ಕಥೆಯನ್ನು ಇಲ್ಲಿ ವಿಸ್ತಾರವಾಗಿ ಬರೆದಿದ್ದೇನೆ.

ಬಂಡೆಯೇ ಉಪಕರಣ

ವಿಶ್ವಕಿರಣಗಳು ಅಂತರಿಕ್ಷದಿಂದ ಬರುತ್ತವೆ ಎಂಬುದು 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಮೇಲೇರಿ ಅಳೆದಾಗಿನಿಂದ ತಿಳಿದ ವಿಷಯ. ಹೆಚ್ಚಿನ ಪಾಲು ಪ್ರೋಟಾನುಗಳೇ ಆದ ಈ ಕಣಗಳು ವಾಯುಮಂಡಲದ ಮೇಲ್ಪದರಿಗೆ ಬಡಿದಾಗ ಪಯಾನ್ ಎಂಬ ಅಲ್ಪಾಯು ಕಣಗಳು ಹುಟ್ಟುತ್ತವೆ. ಪಯಾನ್ ಒಡೆದು ಮ್ಯೂಆನ್ ಆಗುತ್ತದೆ, ಜೊತೆಗೆ ಒಂದು ನ್ಯೂಟ್ರಿನೋ ಹೊರಬೀಳುತ್ತದೆ. ಮ್ಯೂಆನ್ ಎಂದರೆ ಎಲೆಕ್ಟ್ರಾನಿನ ದಪ್ಪ ಅಣ್ಣ ಎನ್ನಬಹುದು, ತೂಕದಲ್ಲಿ ಸುಮಾರು 207 ಪಟ್ಟು. ನೀವು ಈ ಸಾಲು ಓದುತ್ತಿರುವಾಗಲೂ ನಿಮ್ಮ ಅಂಗೈ ಮೂಲಕ ಮ್ಯೂಆನುಗಳು ಹಾದುಹೋಗುತ್ತಿವೆ. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು.

ಮ್ಯೂಆನ್ ಬಂಡೆಯನ್ನು ತೂರಿಕೊಂಡು ಹೋಗಬಲ್ಲದು, ಆದರೆ ಅದಕ್ಕೆ ಬೆಲೆ ತೆರಬೇಕು. ಒಂದು ಮೀಟರ್ ನೀರು ದಾಟಲು ಸುಮಾರು 0.2 ಜಿಇವಿ ಶಕ್ತಿ ಖರ್ಚು. ಜಿಇವಿ ಎಂದರೆ ನೂರು ಕೋಟಿ ಎಲೆಕ್ಟ್ರಾನ್ ವೋಲ್ಟ್. ಕೋಲಾರದ ಗಣಿಯ ಬಂಡೆ ನೀರಿನ ಮೂರು ಪಟ್ಟು ಸಾಂದ್ರ, ಹಾಗಾಗಿ ಒಂದು ಮೀಟರಿಗೆ ಸುಮಾರು 0.6 ಜಿಇವಿ. ಮುನ್ನೂರು ಮೀಟರ್ ಆಳಕ್ಕೆ ತಲುಪಬೇಕಾದರೆ ಮೇಲೆ ಹೊರಡುವಾಗಲೇ 180 ಜಿಇವಿಗೂ ಹೆಚ್ಚು ಶಕ್ತಿ ಇರಬೇಕು. ಇದನ್ನು ನೀವೇ ಗುಣಿಸಿ ನೋಡಿ. 1952ರಲ್ಲಿ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಶುರುವಾದ ಆ ಕಾಲದ ಅತಿ ದೊಡ್ಡ ವೇಗೋತ್ಕರ್ಷಕ ಕಾಸ್ಮೊಟ್ರಾನ್ ಕೊಟ್ಟದ್ದು ಸುಮಾರು 3 ಜಿಇವಿ. ಗಣಿಯೊಳಗೆ ಇಳಿಯುವ ಭೌತವಿಜ್ಞಾನಿ ಪುಕ್ಕಟೆಯಾಗಿ ಅದರ ಅರುವತ್ತು ಪಟ್ಟು ಶಕ್ತಿಯ ಕಣಗಳನ್ನು ಅಳೆಯುತ್ತಾನೆ. ಎಷ್ಟು ಆಳ ಇಳಿದೆ ಎಂಬುದೇ ಅವನ ಮಾಪಕ.

ಈ ಲೆಕ್ಕ ಹೋಮಿ ಭಾಭಾ ಅವರಿಗೆ ಚೆನ್ನಾಗಿ ಗೊತ್ತಿತ್ತು. ಎರಡನೆಯ ಮಹಾಯುದ್ಧದ ಕಾರಣ 1939ರಲ್ಲಿ ಕೇಂಬ್ರಿಜ್‌ಗೆ ಹಿಂತಿರುಗಲಾಗದೆ ಉಳಿದ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ, ರಾಮನ್ ಅವರ ಭೌತವಿಜ್ಞಾನ ವಿಭಾಗದಲ್ಲಿ, ವಿಶ್ವಕಿರಣ ಸಂಶೋಧನಾ ಘಟಕ ಕಟ್ಟಿದ್ದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಹುಟ್ಟಿದ್ದೂ ಇದೇ ಬೆಂಗಳೂರಿನಲ್ಲಿ, ಆ ವರ್ಷದ ಕೊನೆಗೆ ಅದು ಮುಂಬಯಿಗೆ ಹೋಯಿತು. 1948ರಲ್ಲಿ ಈ ಸಂಸ್ಥೆಯನ್ನು ಸೇರಿದ ತರುಣರಲ್ಲಿ ಬಿ.ವಿ. ಶ್ರೀಕಂಠನ್ ಒಬ್ಬರು. ನಂಜನಗೂಡಿನ ಕಡೆಯವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಭಾಭಾ ಅವರ ಸೂಚನೆಯಂತೆ 1950ರ ದಶಕದ ಆರಂಭದಲ್ಲಿ ಗೈಗರ್ ಕೌಂಟರುಗಳನ್ನು ಹೊತ್ತು ಅವರು ಕೋಲಾರದ ಚಾಂಪಿಯನ್ ರೀಫ್ ಗಣಿಗೆ ಇಳಿದರು. ಆಳ ಹೆಚ್ಚಿದಂತೆ ಮ್ಯೂಆನುಗಳು ಎಷ್ಟೆಷ್ಟು ಕಡಿಮೆಯಾಗುತ್ತವೆ ಎಂದು ಎಣಿಸುವುದು ಕೆಲಸ. ಆ ಹುಡುಗನ ಪ್ರಾಜೆಕ್ಟಿಗೂ ಇದಕ್ಕೂ ವ್ಯತ್ಯಾಸ ಮಹಡಿಗಳ ಸಂಖ್ಯೆಯದು, ಅಷ್ಟೆ.

ಕೋಲಾರವೇ ಏಕೆ? ಹತ್ತಿರವಿತ್ತು ಎಂಬುದು ಒಂದು ಕಾರಣ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೈಹಾಕಿದ ಮೇಲೆ ಅಗೆಯುತ್ತ ಅಗೆಯುತ್ತ ಅದು ಪ್ರಪಂಚದ ಅತ್ಯಂತ ಆಳದ ಗಣಿಗಳಲ್ಲೊಂದಾಗಿತ್ತು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ. ಇನ್ನೊಂದು ಕಾರಣ ಭೌತವಿಜ್ಞಾನಿಗೆ ಮಾತ್ರ ಹೊಳೆಯುವಂಥದು. ಬೆಟ್ಟದೊಳಗಿನ ಸುರಂಗದಲ್ಲಿ ತಲೆಯ ಮೇಲೆ ಎಷ್ಟು ಬಂಡೆ ಇದೆ ಎಂಬುದು ದಿಕ್ಕಿನಿಂದ ದಿಕ್ಕಿಗೆ ಬದಲಾಗುತ್ತದೆ. ಕೋಲಾರದ ನೆಲವೋ ಸಪಾಟು. ಆಳ ಗೊತ್ತಿದ್ದರೆ ಸಾಕು, ಲಂಬಕ್ಕೆ ಎಷ್ಟು ಓರೆಯಾಗಿ ಕಣ ಬಂದಿತೋ ಆ ಕೋನದ ಕೊಸೈನಿನಿಂದ ಆಳವನ್ನು ಭಾಗಿಸಿ ಅದು ದಾಟಿದ ಬಂಡೆಯ ದಪ್ಪ ತಿಳಿಯಬಹುದು. ಅರುವತ್ತು ಡಿಗ್ರಿ ಓರೆಯಾದರೆ ದಪ್ಪ ಎರಡರಷ್ಟು. ಈ ಸರಳ ತ್ರಿಕೋನಮಿತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ನಮ್ಮ ಕೈಹಿಡಿಯುತ್ತದೆ.

ಇಲ್ಲಿ ಎಂಜಿನಿಯರುಗಳ ಮಾತು ಬರಲೇಬೇಕು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ತಂಪುಗಾಳಿಯನ್ನು ಕೆಳಕ್ಕೆ ನೂಕದಿದ್ದರೆ ಮನುಷ್ಯ ನಿಲ್ಲಲಾರ. ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದುಂಟು, ಕೋಲಾರದಲ್ಲಿ ಈ ಬಂಡೆಸ್ಫೋಟಗಳು ಹಲವರನ್ನು ಬಲಿ ತೆಗೆದುಕೊಂಡಿವೆ. ತೊಟ್ಟಿಲನ್ನು ಕೆಳಗಿಳಿಸುವ ಯಂತ್ರ, ಗಾಳಿ, 1902ರಿಂದ ಶಿವನಸಮುದ್ರದಿಂದ ಹರಿದು ಬರುತ್ತಿದ್ದ ವಿದ್ಯುತ್ತು, ನೀರು ಹೊರಹಾಕುವ ಪಂಪು, ಇದಾವುದನ್ನೂ ಭೌತವಿಜ್ಞಾನಿಗಳು ಕಟ್ಟಲಿಲ್ಲ. ಎಲ್ಲವನ್ನೂ ಗಣಿಯಿಂದ ಎರವಲು ಪಡೆದರು. ಸುರಂಗದ ಪಕ್ಕ ಬಂಡೆ ಕೊರೆದು ಪ್ರಯೋಗಶಾಲೆಗೆ ಜಾಗ ಮಾಡಬೇಕಾದರೂ, ಸೀಸದ ಗಟ್ಟಿಗಳನ್ನು ಇಳಿಸಬೇಕಾದರೂ ಗಣಿ ಕಾರ್ಮಿಕರ ಕೈಗಳೇ ಬೇಕು. ಸಂಶೋಧನಾ ಪ್ರಬಂಧಗಳ ಲೇಖಕರ ಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲ. ಆದರೆ ಈ ಇತಿಹಾಸ ಓದುವಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ ಕೆ.ಜಿ.ಎಫ್. ನೋಡಲು ಹೋಗಿದ್ದೆ. ಗಣಿಯೊಳಗೆ ಇಳಿಯುವ ಅವಕಾಶ ಸಿಗಲಿಲ್ಲ. ಸಯನೈಡ್ ದಿಬ್ಬಗಳನ್ನು ನೋಡಿಕೊಂಡು, ಪಾಳಿ ಮುಗಿಸಿ ಬರುತ್ತಿದ್ದವರ ಮುಖ ನೋಡಿಕೊಂಡು ವಾಪಸಾದೆ.

ಎಣಿಕೆ ನಿಂತ ಆಳ

1960ರ ದಶಕದ ಆರಂಭಕ್ಕೆ ಬನ್ನಿ. ಜಪಾನಿನ ಒಸಾಕ ನಗರ ವಿಶ್ವವಿದ್ಯಾನಿಲಯದ ಎಸ್. ಮಿಯಾಕೆ, ಟಾಟಾ ಸಂಸ್ಥೆಯ ವಿ.ಎಸ್. ನರಸಿಂಹಂ ಮತ್ತು ಪಿ.ವಿ. ರಮಣಮೂರ್ತಿ ಇನ್ನೂ ಆಳಕ್ಕೆ ಹೋಗಲು ಹೊರಟರು. ಆಳವನ್ನು ಅವರು ನೀರಿನ ಸಮಾನ ದಪ್ಪದಲ್ಲಿ ಹೇಳುತ್ತಿದ್ದರು. 800 ಮೀಟರ್ ನೀರಿನ ಸಮಾನದಿಂದ ಶುರುಮಾಡಿ ಮಜಲು ಮಜಲಾಗಿ 8400 ಮೀಟರ್ ನೀರಿನ ಸಮಾನದವರೆಗೆ ಇಳಿದರು. ಕೊನೆಯದು ಬಂಡೆಯ ಲೆಕ್ಕದಲ್ಲಿ ಸುಮಾರು 2760 ಮೀಟರ್. ಅಲ್ಲಿಗೆ ತಲುಪಬೇಕಾದರೆ ಮ್ಯೂಆನ್ ಹತ್ತು ಸಾವಿರ ಜಿಇವಿಯಷ್ಟು ಶಕ್ತಿ ಹೊತ್ತು ಹೊರಟಿರಬೇಕು. ಇಷ್ಟು ಶಕ್ತಿಯಲ್ಲಿ ಮ್ಯೂಆನಿನ ಖರ್ಚು ಮೊದಲು ಹೇಳಿದ ಮೀಟರಿನ ದರಕ್ಕಿಂತ ಬಹಳ ಹೆಚ್ಚು ಎಂಬುದನ್ನು ಗಮನಿಸಿ.

ಪ್ರತಿ ಮಜಲಿನಲ್ಲೂ ಎಣಿಕೆ ಇಳಿಯುತ್ತ ಹೋಯಿತು. ಅತಿ ಆಳದ ಮಜಲಿನಲ್ಲಿ ಉಪಕರಣ ಇಟ್ಟು ಕಾದರು. ದಿನ ಕಳೆಯಿತು, ವಾರಗಳು ಕಳೆದವು. ಎಣಿಕೆ ಸೊನ್ನೆ.

ಈ ಜಾಗದಲ್ಲಿ ಸ್ವಲ್ಪ ನಿಲ್ಲಿ. ನೀವು ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ? ಮೊದಲು ಬರುವ ಯೋಚನೆ ಉಪಕರಣ ಕೆಟ್ಟಿದೆ ಎಂಬುದು. ಅದನ್ನು ಪರೀಕ್ಷಿಸುವ ದಾರಿ ಇದೆ, ಅದೇ ಉಪಕರಣವನ್ನು ಕಡಿಮೆ ಆಳದಲ್ಲಿ ಇಟ್ಟರೆ ತಿಳಿದ ಸಂಖ್ಯೆಯ ಮ್ಯೂಆನುಗಳು ಕಾಣಬೇಕು. ಉಪಕರಣ ಸರಿಯಿದೆ ಎಂದಾದ ಮೇಲೆ ಸೊನ್ನೆ ಎಂಬುದೇ ಅಳತೆ. ಎಷ್ಟರ ಅಳತೆ? ಸಂಭಾವ್ಯತಾ ಗಣಿತ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ. ಒಂದು ಅವಧಿಯಲ್ಲಿ ಸರಾಸರಿ 2.3 ಕಣಗಳು ಬರಬೇಕಿದ್ದರೆ, ಆಕಸ್ಮಿಕವಾಗಿ ಒಂದೂ ಬಾರದಿರುವ ಸಾಧ್ಯತೆ ಹತ್ತರಲ್ಲಿ ಒಂದು. ಆದ್ದರಿಂದ ಸೊನ್ನೆ ಎಣಿಸಿದವನು, "ಈ ಅವಧಿಗೆ ನಿಜವಾದ ಸರಾಸರಿ 2.3ಕ್ಕಿಂತ ಕಡಿಮೆ" ಎಂದು ನೂರಕ್ಕೆ ತೊಂಬತ್ತರ ಭರವಸೆಯಿಂದ ಬರೆಯಬಹುದು. ಹೆಚ್ಚು ಕಾದಷ್ಟೂ ಆ ಮಿತಿ ಬಿಗಿಯಾಗುತ್ತದೆ. ಒಂದು ಗಂಟೆಯ ಸೊನ್ನೆಯೂ ಎರಡು ತಿಂಗಳ ಸೊನ್ನೆಯೂ ಒಂದೇ ಅಲ್ಲ. ವಿದ್ಯಾರ್ಥಿಗಳಿಗೆ ಈ ಒಂದು ಮಾತನ್ನು ಹೇಳಿಕೊಡಲು ಅರ್ಧ ಗಂಟೆ ಸಾಕು, ಆದರೆ ನಾವು ಹೇಳಿಕೊಡುವುದಿಲ್ಲ.

ಈ ಅಳತೆಗಳು 1964ರಲ್ಲಿ ಪ್ರಕಟವಾದವು. ಅಷ್ಟರಲ್ಲಿ ತಂಡದವರಿಗೆ ಸೊನ್ನೆಯ ಇನ್ನೊಂದು ಅರ್ಥ ಕಂಡಿತ್ತು. ಮ್ಯೂಆನುಗಳೇ ಬಾರದ ಜಾಗ ಎಂದರೆ ನಿಶ್ಶಬ್ದ ಜಾಗ. ಅಂಥ ಕಡೆ ಬೇರೇನಾದರೂ ಪಿಸುಗುಟ್ಟಿದರೆ ಕೇಳಿಸುತ್ತದೆ.

ಪಿಸುಮಾತು

ಪಿಸುಗುಟ್ಟಬೇಕಾಗಿದ್ದುದು ನ್ಯೂಟ್ರಿನೋ. 1930ರಲ್ಲಿ ಪೌಲಿ ಊಹಿಸಿದ ಈ ಕಣವನ್ನು 1956ರಲ್ಲಿ ಅಮೆರಿಕದ ಫ್ರೆಡೆರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್ ಪರಮಾಣು ರಿಯಾಕ್ಟರಿನ ಬಳಿ ಪತ್ತೆಹಚ್ಚಿದ್ದರು. ಪಯಾನುಗಳು ಒಡೆದಾಗ ವಾಯುಮಂಡಲದಲ್ಲೂ ನ್ಯೂಟ್ರಿನೋಗಳು ಹುಟ್ಟಲೇಬೇಕು. ಆದರೆ ಅವನ್ನು ಯಾರೂ ಕಂಡಿರಲಿಲ್ಲ. ನ್ಯೂಟ್ರಿನೋ ಭೂಮಿಯನ್ನೇ ತೂರಿಕೊಂಡು ಹೋಗುತ್ತದೆ, ಅಪರೂಪಕ್ಕೆ ಎಲ್ಲೋ ಒಂದು ಬಂಡೆಯ ಪರಮಾಣುವಿಗೆ ಬಡಿದು ಮ್ಯೂಆನ್ ಹುಟ್ಟಿಸುತ್ತದೆ. ಆ ಮ್ಯೂಆನನ್ನು ಹಿಡಿಯಬೇಕು. ಆಳದ ಗಣಿಯಲ್ಲೋ ನೀರಿನಡಿಯಲ್ಲೋ ಇದು ಸಾಧ್ಯವೆಂದು 1960ರಲ್ಲಿ ರಷ್ಯದ ಮಾರ್ಕೋವ್ ಮತ್ತು ಅಮೆರಿಕದ ಗ್ರೈಸೆನ್ ಬೇರೆ ಬೇರೆಯಾಗಿ ಸೂಚಿಸಿದ್ದರು.

ಮೇಲಿನಿಂದ ಬಂದ ಮ್ಯೂಆನ್ ಯಾವುದು, ನ್ಯೂಟ್ರಿನೋ ಹುಟ್ಟಿಸಿದ ಮ್ಯೂಆನ್ ಯಾವುದು ಎಂದು ಬೇರ್ಪಡಿಸುವುದು ಹೇಗೆ? ಈಗ ಆ ಕೊಸೈನನ್ನು ನೆನಪಿಸಿಕೊಳ್ಳಿ. ವಾಯುಮಂಡಲದ ಮ್ಯೂಆನ್ ನೆಟ್ಟಗೆ ಮೇಲಿನಿಂದ ಬಂದರೆ ಮಾತ್ರ ಉಳಿದೀತು, ಓರೆಯಾಗಿ ಬಂದರೆ ಬಂಡೆಯ ದಪ್ಪ ಹೆಚ್ಚಾಗಿ ದಾರಿಯಲ್ಲೇ ಮುಗಿದುಹೋಗುತ್ತದೆ. ನ್ಯೂಟ್ರಿನೋಗೆ ಈ ಭೇದವಿಲ್ಲ, ಅದು ಎಲ್ಲ ದಿಕ್ಕಿನಿಂದಲೂ ಬರುತ್ತದೆ. ಹಾಗಾದರೆ ಅಡ್ಡಲಾಗಿ ಹಾದುಹೋಗುವ ಮ್ಯೂಆನ್ ಕಂಡರೆ ಅದು ನ್ಯೂಟ್ರಿನೋವಿನದೇ. ಆದ್ದರಿಂದ ಉಪಕರಣವನ್ನು ಚಾಪೆಯಂತೆ ಹಾಸದೆ ಗೋಡೆಯಂತೆ ನಿಲ್ಲಿಸಿದರು. ನನ್ನ ದೃಷ್ಟಿಯಲ್ಲಿ ಇಡೀ ಪ್ರಯೋಗದ ಜಾಣತನ ಈ ಒಂದು ತಿರುವಿನಲ್ಲಿದೆ. ಅದಕ್ಕೆ ಬೇಕಾಗಿದ್ದು ಪಿಯುಸಿಯ ತ್ರಿಕೋನಮಿತಿ.

ಇದು ಒಂದು ಸಂಸ್ಥೆಯ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ. ಮಂಗಳೂರಿನಲ್ಲಿ ಹುಟ್ಟಿ, ಬ್ರಿಸ್ಟಲ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದಿದ್ದ ಎಂ.ಜಿ.ಕೆ. ಮೆನನ್ ಟಾಟಾ ಸಂಸ್ಥೆಯ ಕಡೆಯಿಂದ ಮುಂದಾಳತ್ವ ವಹಿಸಿದರು. ಶ್ರೀಕಂಠನ್ ಜೊತೆಗಿದ್ದರು. ಒಸಾಕದಿಂದ ಮಿಯಾಕೆ. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯದಿಂದ ಆರ್ನಲ್ಡ್ ವುಲ್ಫೆಂಡೇಲ್ ಮತ್ತು ಅವರ ಯುವ ಸಂಶೋಧಕರು. ನಿಯಾನ್ ಮಿಂಚುಕೊಳವೆ ಡರ್ಹಮ್‌ನವರ ಕೈಪಳಗಿದ ವಿದ್ಯೆ. ನಿಯಾನ್ ತುಂಬಿ ಮುಚ್ಚಿದ ಗಾಜಿನ ಕೊಳವೆಗಳನ್ನು ಸಾಲುಸಾಲಾಗಿ ಜೋಡಿಸುತ್ತಾರೆ. ಕಣವೊಂದು ಹಾದುಹೋದ ತಕ್ಷಣ ಎರಡೂ ಬದಿಯ ಲೋಹದ ಫಲಕಗಳಿಗೆ ಭಾರಿ ವೋಲ್ಟೇಜು ಕೊಟ್ಟರೆ, ಕಣ ಹೊಕ್ಕ ಕೊಳವೆಗಳು ಮಾತ್ರ ಮಿಂಚುತ್ತವೆ. ಕ್ಯಾಮರಾ ಅದರ ಚಿತ್ರ ತೆಗೆದುಕೊಳ್ಳುತ್ತದೆ. ಮಿಂಚಿದ ಕೊಳವೆಗಳನ್ನು ಸೇರಿಸಿದರೆ ಕಣದ ಜಾಡು. 'ಈಗ ಕಣ ಬಂತು' ಎಂದು ಕೂಗಿ ಹೇಳುವ ಕೆಲಸ ಪ್ಲಾಸ್ಟಿಕ್ ಸಿಂಟಿಲೇಟರುಗಳದು, ಕಣ ತಾಗಿದರೆ ಬೆಳಕು ಚಿಮ್ಮಿಸುವ ಫಲಕಗಳು ಅವು. ಎದುರುಬದುರು ನಿಂತ ಎರಡು ಸಿಂಟಿಲೇಟರ್ ಗೋಡೆಗಳಲ್ಲಿ ಒಟ್ಟಿಗೇ ಬೆಳಕು ಚಿಮ್ಮಿದರೆ ಮಾತ್ರ ಚಿತ್ರ. ನಡುವೆ ಮಿಂಚುಕೊಳವೆಗಳು, ಸೀಸದ ಗೋಡೆಗಳು. ಇದನ್ನೆಲ್ಲ ನೆಲದಿಂದ ಸುಮಾರು 2300 ಮೀಟರ್ ಕೆಳಗೆ, ಅಂದರೆ 7600 ಅಡಿ ಆಳದಲ್ಲಿ ನಿಲ್ಲಿಸಿದರು. ಪೂರ್ತಿ ಸೊನ್ನೆಯ ಮಜಲಿಗಿಂತ ಇದು ಸ್ವಲ್ಪ ಮೇಲೆ. ಆದರೆ ಅಡ್ಡದಿಕ್ಕಿಗೆ ಇಲ್ಲೂ ಸೊನ್ನೆಯೇ.

ಭೂಗೋಳದ ಇನ್ನೊಂದು ಬದಿಯಲ್ಲಿ ಇಂಥದೇ ಇನ್ನೊಂದು ತಂಡವಿತ್ತು. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಬಳಿ ಈಸ್ಟ್ ರ‍್ಯಾಂಡ್ ಚಿನ್ನದ ಗಣಿಯಲ್ಲಿ, 3200 ಮೀಟರ್ ಆಳದಲ್ಲಿ, ಅದೇ ಫ್ರೆಡೆರಿಕ್ ರೈನ್ಸ್. ಅವರು ಆಗ ಅಮೆರಿಕದ ಕ್ಲೀವ್‌ಲ್ಯಾಂಡಿನ ಕೇಸ್ ತಾಂತ್ರಿಕ ಸಂಸ್ಥೆಯಲ್ಲಿದ್ದರು, ಜೊತೆಗೆ ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾನಿಲಯದ ಸೆಲ್‌ಶಾಪ್. ಅವರ ಉಪಕರಣದಲ್ಲೂ ಸಿಂಟಿಲೇಟರ್ ಗೋಡೆಗಳೇ, ಆದರೆ ಪ್ಲಾಸ್ಟಿಕ್ ಬದಲು ದ್ರವ.

ರೈನ್ಸ್ ತಂಡಕ್ಕೆ ಮೊದಲ ಘಟನೆ ದೊರೆತದ್ದು 1965ರ ಫೆಬ್ರವರಿ 23ರಂದು. ಕೋಲಾರದ ತಂಡದ ಪ್ರಬಂಧ ಮೊದಲು ಅಚ್ಚಾದದ್ದು, ಅದೇ ವರ್ಷದ ಆಗಸ್ಟ್ 15ರಂದು, 'ಫಿಸಿಕ್ಸ್ ಲೆಟರ್ಸ್' ಪತ್ರಿಕೆಯಲ್ಲಿ. ರೈನ್ಸ್ ತಂಡದ್ದು ಆಗಸ್ಟ್ 30ರಂದು 'ಫಿಸಿಕಲ್ ರಿವ್ಯೂ ಲೆಟರ್ಸ್'ನಲ್ಲಿ. ನಮ್ಮವರು ಮೊದಲೋ ಅವರು ಮೊದಲೋ ಎಂಬ ಚರ್ಚೆ ನಮ್ಮ ವಿಜ್ಞಾನ ಸಭೆಗಳಲ್ಲಿ ಈಗಲೂ ಆಗಾಗ ಏಳುತ್ತದೆ. ಕಂಡದ್ದು ಅವರು ಮೊದಲು, ಹೇಳಿದ್ದು ನಾವು ಮೊದಲು. ಇಬ್ಬರೂ ಕೆಲವೇ ವಾರಗಳ ಅಂತರದಲ್ಲಿ ಸ್ವತಂತ್ರವಾಗಿ ಕಂಡರು ಎಂಬುದರಲ್ಲೇ ಫಲಿತಾಂಶದ ಬಲ ಇದೆ ಎಂದು ನಾನು ತಿಳಿದಿದ್ದೇನೆ. ಕೋಲಾರದ ಚಿತ್ರಗಳಲ್ಲಿ ಕಣದ ಜಾಡು ಕಣ್ಣಿಗೆ ಕಾಣುತ್ತಿತ್ತು, ಅದರ ಓರೆಯನ್ನು ಅಳೆಯಬಹುದಿತ್ತು. ಅದು ನಮ್ಮ ಕಡೆಯ ಹೆಚ್ಚುಗಾರಿಕೆ. ಪ್ರಬಂಧಕ್ಕೆ ಹನ್ನೊಂದು ಲೇಖಕರು, ಮೂರು ದೇಶದವರು.

ಕೇಸ್ ಸಂಸ್ಥೆಯ ಹೆಸರು ಬಂದದ್ದರಿಂದ ಒಂದು ಮಾತು. 1887ರಲ್ಲಿ ಇದೇ ಕೇಸ್‌ನಲ್ಲಿ ಅಧ್ಯಾಪಕರಾಗಿದ್ದ ಮೈಕೆಲ್ಸನ್, ಪಕ್ಕದ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯದ ರಸಾಯನವಿಜ್ಞಾನಿ ಮಾರ್ಲೆ ಜೊತೆ ಈಥರ್ ಗಾಳಿಯನ್ನು ಅಳೆಯಲು ಹೋಗಿ ಏನನ್ನೂ ಕಾಣಲಿಲ್ಲ. ಆ 'ಏನೂ ಇಲ್ಲ' ಇಂದು ಎಲ್ಲ ಬಿ.ಎಸ್‌ಸಿ. ಪಠ್ಯಗಳಲ್ಲಿದೆ. ಅದನ್ನು ಪಾಠ ಮಾಡಿ ಮುಗಿಸಿ ಮಧ್ಯಾಹ್ನ ಲ್ಯಾಬಿಗೆ ಬಂದು, ನಿರೀಕ್ಷಿತ ಬೆಲೆ ಬರದ ವಿದ್ಯಾರ್ಥಿಗೆ ಅಂಕ ಕಡಿಯುತ್ತೇವೆ.

ಪ್ರೋಟಾನ್ ಸಾಯುತ್ತದೆಯೆ?

ಕೋಲಾರದ ಕಥೆ ಗೆಲುವಿನಲ್ಲೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. 1970ರ ದಶಕದಲ್ಲಿ ಪತಿ-ಸಲಾಂ, ಜಾರ್ಜೈ-ಗ್ಲಾಶೋ ಮುಂತಾದವರ ಮಹಾಏಕೀಕರಣ ಸಿದ್ಧಾಂತಗಳು ಒಂದು ವಿಚಿತ್ರ ಮಾತು ಹೇಳಿದವು. ಪ್ರೋಟಾನ್ ಚಿರಂಜೀವಿಯಲ್ಲ, ಅದೂ ಒಂದು ದಿನ ಒಡೆಯುತ್ತದೆ. ಯಾವಾಗ? ಸುಮಾರು 10³⁰ ವರ್ಷಗಳಿಗೆ. ವಿಶ್ವದ ವಯಸ್ಸು 1380 ಕೋಟಿ ವರ್ಷ, ಅಂದರೆ 10¹⁰ ವರ್ಷಕ್ಕಿಂತ ಒಂದಿಷ್ಟು ಹೆಚ್ಚು. ಇಷ್ಟು ದೀರ್ಘ ಕಾಲ ಕಾಯುವುದು ಹೇಗೆ? ಒಂದೇ ಪ್ರೋಟಾನನ್ನು ಕಾಯುವ ಬದಲು ಅಪಾರ ಸಂಖ್ಯೆಯ ಪ್ರೋಟಾನುಗಳನ್ನು ಒಂದೆರಡು ವರ್ಷ ಕಾಯಬಹುದು. ಅಣುಕುಲದಲ್ಲಿ ನೂರಾರು ವರ್ಷ ಬಾಳುವ ವಿಕಿರಣಶೀಲ ವಸ್ತುವಿನ ಅರ್ಧಾಯುವನ್ನು ಒಂದು ಮಧ್ಯಾಹ್ನದಲ್ಲಿ ಅಳೆಯುವ ಉಪಾಯವೂ ಇದೇ ತಾನೆ?

1980ರಲ್ಲಿ ಟಾಟಾ ಸಂಸ್ಥೆ ಮತ್ತು ಜಪಾನಿನ ಒಸಾಕ, ಟೋಕಿಯೊ ವಿಶ್ವವಿದ್ಯಾನಿಲಯದವರು ಸೇರಿ ಕೋಲಾರದಲ್ಲಿ, 2300 ಮೀಟರ್ ಆಳದಲ್ಲಿ 140 ಟನ್ ಕಬ್ಬಿಣದ ಉಪಕರಣ ನಿಲ್ಲಿಸಿದರು. ಪ್ರೋಟಾನ್ ಕ್ಷಯಕ್ಕೆಂದೇ ಕಟ್ಟಿದ ಆರಂಭದ ಪ್ರಯೋಗಗಳಲ್ಲಿ ಇದೊಂದು. ಕಬ್ಬಿಣದ ಹಲಗೆಗಳ ನಡುವೆ 34 ಪದರಗಳಲ್ಲಿ 1600 ಪ್ರಪೋರ್ಷನಲ್ ಕೌಂಟರುಗಳು, ಪ್ರತಿಯೊಂದರ ಅಡ್ಡಕೊಯ್ತ 10 ಸೆಂಟಿಮೀಟರ್ ಚೌಕ. ತಳ 4 ಮೀಟರಿಗೆ 6 ಮೀಟರ್. ನೆಲದ ಮೇಲಿದ್ದರೆ ಇದರ ಮೂಲಕ ದಿನಕ್ಕೆ ಮೂವತ್ತು ಕೋಟಿಗೂ ಹೆಚ್ಚು ಮ್ಯೂಆನುಗಳು ಹಾಯುತ್ತಿದ್ದವು. ಗಣಿಯಲ್ಲಿ ದಿನಕ್ಕೆ ಸುಮಾರು ಎರಡು. ನಿಶ್ಶಬ್ದ ಎಂದರೆ ಇದು.

ಲೆಕ್ಕ ಮಾಡಿ ನೋಡಿ. ಒಂದು ಗ್ರಾಂ ವಸ್ತುವಿನಲ್ಲಿ ಪ್ರೋಟಾನು, ನ್ಯೂಟ್ರಾನುಗಳು ಸೇರಿ ಆವೊಗಾಡ್ರೊ ಸಂಖ್ಯೆಯಷ್ಟು, 6×10²³. ಹಾಗಾದರೆ 140 ಟನ್ನಿನಲ್ಲಿ 8.4×10³¹. ಸರಾಸರಿ ಆಯುಸ್ಸು 10³¹ ವರ್ಷವಾದರೆ ವರ್ಷಕ್ಕೆ ಎಂಟು ಕ್ಷಯಗಳು. 10³² ವರ್ಷವಾದರೆ ಒಂದೂ ಇಲ್ಲ ಎನ್ನಬಹುದು. ಉಪಕರಣದ ಗಾತ್ರವೇ ಎಷ್ಟು ದೂರ ನೋಡಬಲ್ಲೆವು ಎಂಬುದನ್ನು ಕಟ್ಟಿಹಾಕುತ್ತದೆ.

ಕೆಲವು ಘಟನೆಗಳು ಕಂಡವು. ಕಣಗಳ ಜಾಡು ಉಪಕರಣದ ಒಳಗೇ ಶುರುವಾಗಿ ಒಳಗೇ ಮುಗಿದಂತಿದ್ದವು. ಇವು ಪ್ರೋಟಾನ್ ಕ್ಷಯ ಇರಬಹುದು, ಆಯುಸ್ಸು 10³¹ ವರ್ಷದ ಆಸುಪಾಸು ಎಂದು ತಂಡ 1980ರ ದಶಕದ ಮೊದಲ ವರ್ಷಗಳಲ್ಲಿ ಪ್ರಕಟಿಸಿತು. ಜಗತ್ತೇ ಕೋಲಾರದ ಕಡೆ ತಿರುಗಿ ನೋಡಿತು. ಆದರೆ ಅಮೆರಿಕದಲ್ಲಿ ಮಿಷಿಗನ್ ಮತ್ತು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯ, ಬ್ರೂಕ್‌ಹೇವನ್ ಪ್ರಯೋಗಾಲಯ ಸೇರಿ ಉಪ್ಪಿನ ಗಣಿಯಲ್ಲಿ ಸಾವಿರಾರು ಟನ್ ನೀರು ತುಂಬಿದ ತೊಟ್ಟಿ ಕಟ್ಟಿದ್ದರು. 1983ರಲ್ಲಿ ಅವರು ಹೇಳಿದ್ದು: ಪ್ರೋಟಾನ್ ಪಾಸಿಟ್ರಾನ್ ಮತ್ತು ಪಯಾನ್ ಆಗಿ ಒಡೆಯುವುದು ಒಂದೂ ಕಾಣಲಿಲ್ಲ. ಆ ಬಗೆಯ ಕ್ಷಯಕ್ಕೆ ಆಯುಸ್ಸು 6.5×10³¹ ವರ್ಷಕ್ಕಿಂತ ಹೆಚ್ಚೇ ಇರಬೇಕು. ಜಪಾನಿನ ಕಮಿಯೋಕಾದ ಗಣಿಯಲ್ಲಿ ಟೋಕಿಯೊ ವಿಶ್ವವಿದ್ಯಾನಿಲಯದ ಕೊಶಿಬಾ ಕಟ್ಟಿದ 3000 ಟನ್ ನೀರಿನ ಉಪಕರಣವೂ ಇಲ್ಲ ಎಂದಿತು.

ಕೋಲಾರದವರು ಕಂಡದ್ದಾದರೂ ಏನು? ಬಹುಪಾಲು ತಜ್ಞರ ಅಭಿಪ್ರಾಯದಲ್ಲಿ ಅವು ನ್ಯೂಟ್ರಿನೋಗಳು ಉಪಕರಣದೊಳಗೇ ಬಡಿದ ಘಟನೆಗಳು. 140 ಟನ್ನಿನಲ್ಲಿ ವರ್ಷಕ್ಕೆ ಅಂಥವು ಹತ್ತು-ಹದಿನೈದು ಇರಬಹುದು, ಅವುಗಳಲ್ಲಿ ಒಂದೆರಡು ಪ್ರೋಟಾನ್ ಕ್ಷಯದ ವೇಷ ಹಾಕಿಕೊಳ್ಳುವುದುಂಟು. 1965ರಲ್ಲಿ ಹಬ್ಬ ಮಾಡಿ ಸ್ವಾಗತಿಸಿದ ನ್ಯೂಟ್ರಿನೋವೇ ಈಗ ಅಡ್ಡಿಯಾಯಿತು. ತಂಡದವರು ಅವಸರಪಟ್ಟರೆ? ಸ್ವಲ್ಪ ಪಟ್ಟರು ಎಂದೇ ನನ್ನ ಅನಿಸಿಕೆ. 10 ಸೆಂಟಿಮೀಟರ್ ಅಗಲದ ಕೌಂಟರಿನಿಂದ ಅಷ್ಟು ಸೂಕ್ಷ್ಮ ಭೇದ ಹೇಳುವುದು ಕಷ್ಟ. ಆದರೆ ಒಂದು ಮಾತನ್ನು ಮರೆಯಬಾರದು. ಪ್ರತಿ ಘಟನೆಯ ಚಿತ್ರವನ್ನೂ, ಯಾವ ಕೌಂಟರಿನಲ್ಲಿ ಎಷ್ಟು ಸಂಕೇತ ಬಂತೆಂಬುದನ್ನೂ ಅವರು ಬಿಚ್ಚಿಟ್ಟರು. ಬೇರೆಯವರು ಒಪ್ಪದಿರಲು ಬೇಕಾದ ಸಾಮಗ್ರಿಯನ್ನೂ ಅವರೇ ಒದಗಿಸಿದರು. ಪೆನ್ಸಿಲಿನ ಟಿಪ್ಪಣಿ ಪುಸ್ತಕ ಮುಚ್ಚಿಡಲಿಲ್ಲ. ತಪ್ಪಬಹುದಾದ ಫಲಿತಾಂಶಕ್ಕೂ ತಿದ್ದಿದ ಫಲಿತಾಂಶಕ್ಕೂ ಅಜಗಜಾಂತರ. 1985ರಲ್ಲಿ 260 ಟನ್ನಿನ ಎರಡನೆಯ ಉಪಕರಣವನ್ನೂ ಕೂರಿಸಿ ಎಣಿಕೆ ಮುಂದುವರಿಸಿದರು.

ಕಮಿಯೋಕಾದ ಕಥೆ ಇನ್ನೂ ಸ್ವಾರಸ್ಯ. ಪ್ರೋಟಾನ್ ಸಾವಿಗೆ ಕಾದು ಕೂತಿದ್ದ ಆ ತೊಟ್ಟಿ 1987ರ ಫೆಬ್ರವರಿ 23ರಂದು ನೆರೆಯ ಗೆಲಕ್ಸಿಯೊಂದರಲ್ಲಿ ಸ್ಫೋಟಿಸಿದ ನಕ್ಷತ್ರದ ನ್ಯೂಟ್ರಿನೋಗಳನ್ನು ಹನ್ನೊಂದರಷ್ಟು ಹಿಡಿಯಿತು. ರೈನ್ಸ್ ಅವರ ಮೊದಲ ಘಟನೆಯ ತಾರೀಕೂ ಫೆಬ್ರವರಿ 23 ಎಂಬುದು ಬರೀ ಕಾಕತಾಳೀಯ. ಪ್ರೋಟಾನ್ ಕ್ಷಯಕ್ಕೆ ಅಡ್ಡಿ ಎಂದು ದೂರಿಸಿಕೊಂಡ ವಾಯುಮಂಡಲದ ನ್ಯೂಟ್ರಿನೋಗಳು ಲೆಕ್ಕಕ್ಕಿಂತ ಕಡಿಮೆ ಇವೆ ಏಕೆ ಎಂದು ಕೆದಕುತ್ತ ಹೋಗಿ, 50,000 ಟನ್ ನೀರಿನ ಸೂಪರ್-ಕಮಿಯೋಕಾಂಡೆ 1998ರಲ್ಲಿ ನ್ಯೂಟ್ರಿನೋ ದಾರಿಯಲ್ಲಿ ಬಗೆ ಬದಲಿಸುತ್ತದೆ, ಅದಕ್ಕೆ ದ್ರವ್ಯರಾಶಿ ಇದೆ ಎಂದು ತೋರಿಸಿತು. ಕೊಶಿಬಾಗೆ 2002ರಲ್ಲಿ, ಕಜಿತಾಗೆ 2015ರಲ್ಲಿ ನೊಬೆಲ್ ಬಂತು. ಪ್ರೋಟಾನ್ ಮಾತ್ರ ಇನ್ನೂ ಸತ್ತಿಲ್ಲ. ಪಾಸಿಟ್ರಾನ್-ಪಯಾನ್ ದಾರಿಗೆ ಸೂಪರ್-ಕಮಿಯೋಕಾಂಡೆ 2020ರಲ್ಲಿ ಕೊಟ್ಟ ಮಿತಿ 2.4×10³⁴ ವರ್ಷ. ಎಣಿಕೆ ಸೊನ್ನೆ, ಆದರೂ ಪ್ರಕಟವಾಗುತ್ತದೆ. ಒಂದೊಂದು ಸೊನ್ನೆಯೂ ಹಲವು ಸಿದ್ಧಾಂತಗಳನ್ನು ಮನೆಗೆ ಕಳಿಸುತ್ತದೆ.

ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. ಚಿನ್ನ ಲಾಭ ತರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಪಂಪುಗಳು ನಿಂತ ಮೇಲೆ ಆಳದ ಸುರಂಗಗಳಲ್ಲಿ ನೀರು ತುಂಬಿತು. ಬಂಡೆಸ್ಫೋಟಗಳ ಅನುಭವದಿಂದ 1988ರಲ್ಲಿ ಅಲ್ಲೇ ಹುಟ್ಟಿದ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಉಳಿದುಕೊಂಡಿತು. ಶ್ರೀಕಂಠನ್ 2019ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಇನ್ನು ಆ ಹುಡುಗನ ವಿಷಯ. 412, 398, 405. ಸುಮಾರು 400ರ ಎಣಿಕೆಯಲ್ಲಿ ಸಹಜ ಏರಿಳಿತ 400ರ ವರ್ಗಮೂಲ, ಅಂದರೆ 20. ಮೂರೂ ಒಂದೇ ಎಂದು ಅವನು ಬರೆಯಬೇಕಿತ್ತು, ಜೊತೆಗೆ ಕಾಂಕ್ರೀಟಿನ ಪರಿಣಾಮ ಎಷ್ಟಕ್ಕಿಂತ ಕಡಿಮೆ ಎಂಬ ಮಿತಿಯನ್ನೂ. ಎರಡು ಮಹಡಿಗೆ ನೂರಕ್ಕೆ ಐದರ ವ್ಯತ್ಯಾಸ ಇದೆ ಎಂದು ಇಟ್ಟುಕೊಳ್ಳಿ. ಅದನ್ನು ಅನುಮಾನವಿಲ್ಲದೆ ಕಾಣಲು ಎಷ್ಟು ಎಣಿಸಬೇಕು ಎಂದು ಅಲ್ಲೇ ಕರಿಹಲಗೆಯ ಮೇಲೆ ಇಬ್ಬರೂ ಲೆಕ್ಕ ಮಾಡಿದೆವು. ಒಂದೊಂದು ಕಡೆಯೂ 7200 ಬಂತು. ಅವನ ಉಪಕರಣಕ್ಕೆ ಅದು ಒಂದೊಂದು ಮಹಡಿಯಲ್ಲಿ ಮೂರು ಗಂಟೆಯ ಕೆಲಸ. "ಇಷ್ಟೇನಾ ಸರ್? ಒಂದು ದಿನ ಕೂತಿದ್ದರೆ ಆಗುತ್ತಿತ್ತಲ್ಲ" ಎಂದ. ಮುಂದಿನ ವಾರ ಫೋನು ಮಾಡಿ, ಮತ್ತೆ ಎಣಿಸುತ್ತಿದ್ದೇನೆ, ತಾರಸಿಯಲ್ಲಿ ಕರೆಂಟು ಹೋಗಿ ಒಂದೂವರೆ ಗಂಟೆಯ ಎಣಿಕೆ ಹಾಳಾಯಿತು, ಅದನ್ನೂ ವರದಿಯಲ್ಲಿ ಬರೆಯಬೇಕೇ ಎಂದು ಕೇಳಿದ. ಬರಿ ಎಂದೆ.